ಕೊಟ್ಟ ನೌಕೆ, ಕಳೆಯದ ಹೊಣೆ

2023ರ ಡಿಸೆಂಬರ್ 14ರಂದು ವಿಶಾಖಪಟ್ಟಣದ ನೌಕಾನೆಲೆಯಲ್ಲಿ ‘ತರ್ಮುಗ್ಲಿ’ ಎಂಬ ಕ್ಷಿಪ್ರದಾಳಿ ನೌಕೆಯನ್ನು ಭಾರತೀಯ ನೌಕಾದಳಕ್ಕೆ ವಿಧಿಪೂರ್ವಕವಾಗಿ ಸೇರಿಸಿಕೊಳ್ಳಲಾಯಿತು. ಇದು ಹೊಸ ನೌಕೆಯೇನೂ ಅಲ್ಲ. 2001ರಲ್ಲಿ ಇದೇ ಹೆಸರಿನಿಂದ ಸೇವೆಗೆ ಸೇರಿ, 2005–06ರ ಅವಧಿಯಲ್ಲಿ ಸೆಶೆಲ್ಸ್ ದೇಶಕ್ಕೆ ಉಡುಗೊರೆಯಾಗಿ ಹೋಗಿ, ಅಲ್ಲಿ ‘ಟೋಪಾಝ್’ ಎಂಬ ಹೆಸರಿನಲ್ಲಿ 2020ರವರೆಗೆ ದುಡಿದು, ತಾಯ್ನಾಡಿಗೆ ಮರಳಿ, ದುರಸ್ತಿಗೊಂಡು, ಹಳೆಯ ಹೆಸರನ್ನೇ ಮತ್ತೆ ಧರಿಸಿದ ನೌಕೆ. ಎರಡು ದೇಶಗಳ ಧ್ವಜದಡಿಯಲ್ಲಿ ಮೂರು ಅವತಾರಗಳನ್ನು ತಾಳಿದ ನೌಕೆ ಎಂದು ಅದನ್ನು ಕೊಂಡಾಡಿದರು.

ಅವತಾರವೆಂಬುದು ನಮ್ಮ ಮತದ ಮಾತಲ್ಲ. ಭವವೆಂಬುದು ನಮ್ಮ ಮಾತು. ಭವದಿಂದ ಭವಕ್ಕೆ ಸಾಗುವಾಗ ಹೆಸರು ಬದಲಾಗುತ್ತದೆ, ದೇಹ ಬದಲಾಗುತ್ತದೆ. ಕರ್ಮ ಮಾತ್ರ ಬೆನ್ನು ಬಿಡುವುದಿಲ್ಲ. ಒಂದು ಯುದ್ಧನೌಕೆಗೆ ಮೂರು ಜನ್ಮಗಳುಂಟೆಂದು ಹೆಮ್ಮೆಪಡುವವರು ಆ ಜನ್ಮಗಳ ಕರ್ಮದ ಲೆಕ್ಕವನ್ನೂ ಕೇಳಬೇಕಲ್ಲವೇ? ಆ ಹದಿನೈದು ವರ್ಷಗಳಲ್ಲಿ ಅದು ಯಾರನ್ನು ಉಳಿಸಿತು, ಯಾರ ಮೇಲೆ ಗುಂಡು ಹಾರಿಸಿತು, ಕೊಟ್ಟವರಾದ ನಮಗೆ ಅದರಲ್ಲಿ ಪಾಲೆಷ್ಟು? ಈ ಪ್ರಶ್ನೆಗಳನ್ನು ಎತ್ತುವುದೇ ಈ ಲೇಖನದ ಉದ್ದೇಶ. ನನ್ನ ಆಕ್ಷೇಪ ಆ ನೌಕೆಯಲ್ಲಿ ದುಡಿದ ನಾವಿಕರ ಮೇಲಲ್ಲ. ಆಯುಧವನ್ನು ‘ಉಡುಗೊರೆ’ ಎಂದು ಕರೆದು, ಹಸ್ತಾಂತರದ ದಿನದಂದೇ ಖಾತೆಯನ್ನು ಮುಚ್ಚಿಬಿಡುವ ಮನೋಭಾವದ ಮೇಲೆ.

ಮೊದಲು ನೌಕೆಯ ಪರಿಚಯ. ಕೋಲ್ಕತ್ತದ ಗಾರ್ಡನ್ ರೀಚ್ ಹಡಗು ಕಾರ್ಖಾನೆಯಲ್ಲಿ ಕಟ್ಟಿದ ತ್ರಿಂಕತ್ ವರ್ಗದ ನಾಲ್ಕು ನೌಕೆಗಳಲ್ಲಿ ಇದೂ ಒಂದು. ಉದ್ದ 48 ಮೀಟರ್. ವೇಗ ಗಂಟೆಗೆ ಸುಮಾರು 30 ನಾಟಿಕಲ್ ಮೈಲಿ, ಎಂದರೆ 55 ಕಿಲೋಮೀಟರ್. ಮುಂಭಾಗದಲ್ಲಿ 30 ಮಿಲಿಮೀಟರ್ ಫಿರಂಗಿ, ಅದರ ಜೊತೆಗೆ ಮೆಷಿನ್ ಗನ್ನುಗಳು. ನಾಲ್ಕಕ್ಕೂ ಅಂಡಮಾನ್ ಮತ್ತು ನಿಕೋಬಾರಿನ ದ್ವೀಪಗಳ ಹೆಸರು. ತರ್ಮುಗ್ಲಿ ಎಂಬ ದ್ವೀಪವು ದಕ್ಷಿಣ ಅಂಡಮಾನಿನ ವಂಡೂರಿನ ಬಳಿ, ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದೊಳಗೆ ಇದೆ. ಹವಳವನ್ನೂ ಮೀನನ್ನೂ ಯಾರೂ ಮುಟ್ಟಬಾರದೆಂದು ಕಾನೂನು ಕಾಯುವ ನೀರಿನ ನಡುವಿನ ದ್ವೀಪದ ಹೆಸರು ಒಂದು ಫಿರಂಗಿ ನೌಕೆಗೆ ಬಂತು. ಈ ನಾಲ್ಕರಲ್ಲಿ ಮೂರು ನೌಕೆಗಳು ಪರದೇಶದ ಪಾಲಾದವು. ತಿಲ್ಲಂಚಾಂಗ್ 2006ರಲ್ಲಿ ಮಾಲ್ಡೀವ್ಸಿಗೆ ಹೋಯಿತು. ತರ್ಮುಗ್ಲಿ ಸೆಶೆಲ್ಸಿಗೆ. 2014ರಲ್ಲಿ ತರಾಸಾ ಕೂಡ ಸೆಶೆಲ್ಸಿಗೇ ಹೋಯಿತು.

ದಾನದ ವಿಷಯದಲ್ಲಿ ನಮ್ಮ ಹಿರಿಯರು ತೋರಿದ ಎಚ್ಚರ ಸಾಮಾನ್ಯವಾದುದಲ್ಲ. ಕೊಡುವುದೆಲ್ಲ ಪುಣ್ಯವೆಂದು ಅವರು ಎಲ್ಲಿಯೂ ಹೇಳಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನು ಬಿಡಬೇಕಾದ ಐದು ಅನರ್ಥದಂಡಗಳನ್ನು ಎಣಿಸುವಾಗ ‘ಹಿಂಸಾದಾನ’ವನ್ನು ಅವುಗಳಲ್ಲಿ ಸೇರಿಸಿದ್ದಾರೆ. ಕೊಡಲಿ, ಕೃಪಾಣ, ಗುದ್ದಲಿ, ಬೆಂಕಿ, ಆಯುಧ, ವಿಷ, ಸರಪಳಿ ಮೊದಲಾದ ವಧೆಯ ಸಾಧನಗಳನ್ನು ಪರರ ಕೈಗೆ ಕೊಡುವುದೇ ಹಿಂಸಾದಾನ. ಸಾಧನವನ್ನು ಕೊಟ್ಟವನು ತಾನೇ ಕೈಯೆತ್ತಿ ಹೊಡೆಯದಿದ್ದರೂ ಹೊಡೆತದಿಂದ ಹೊರಗುಳಿಯಲಾರನೆಂಬುದು ಅದರ ತಾತ್ಪರ್ಯ. 2023ರ ಜುಲೈಯಲ್ಲಿ ಭಾರತವು ವಿಯೆಟ್ನಾಮಿಗೆ ಉಡುಗೊರೆಯಾಗಿ ಕೊಟ್ಟ ಕ್ಷಿಪಣಿ ನೌಕೆಯ ಹೆಸರು ‘ಕಿರ್ಪಾನ್’, ಅಂದರೆ ಕೃಪಾಣ. ಆಚಾರ್ಯರ ಪಟ್ಟಿಯಲ್ಲಿದ್ದ ವಸ್ತುವೇ ಹೆಸರನ್ನೂ ಬಿಡದೆ ನಮ್ಮ ಕಾಲದಲ್ಲಿ ದಾನವಾಗಿ ಹೋಯಿತು.

ಇಷ್ಟು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಕೆಲವರಿಗೆ ಸಮಾಧಾನವಾದೀತು. ‘ಆಯುಧದಾನ ಪಾಪ, ಸರ್ಕಾರ ಪಾಪ ಮಾಡಿತು, ನಾವು ಶುದ್ಧರು’ ಎಂದು ಹೇಳಿ ಸಾಮಾಯಿಕಕ್ಕೆ ಕುಳಿತುಕೊಳ್ಳಬಹುದು. ಆದರೆ ಟೋಪಾಝ್ ಮಾಡಿದ ಕೆಲಸವನ್ನು ನೋಡಿದವರಿಗೆ ಆ ಸಮಾಧಾನ ದೊರೆಯುವುದಿಲ್ಲ.

ಸೆಶೆಲ್ಸ್ 115 ದ್ವೀಪಗಳ ಪುಟ್ಟ ದೇಶ. ನೆಲವೆಲ್ಲ ಸೇರಿ 455 ಚದರ ಕಿಲೋಮೀಟರ್. ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಅದು ಕಾಯಬೇಕಾದ ಕಡಲು ಮಾತ್ರ 13 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. 2008ರಿಂದ 2011ರವರೆಗೆ ಸೋಮಾಲಿಯಾದ ಕಡಲ್ಗಳ್ಳರು ಈ ಕಡಲನ್ನು ಆವರಿಸಿದರು. 2009ರ ಡಿಸೆಂಬರ್ ಮೊದಲ ವಾರದ ಒಂದು ರಾತ್ರಿ ಕಳ್ಳರ ದೋಣಿಗಳು ಟೋಪಾಝ್ ನೌಕೆಯ ಮೇಲೆಯೇ ಗುಂಡು ಹಾರಿಸುತ್ತ ಎರಗಿದವು. ನೌಕೆ ಅವರನ್ನು ಬೆನ್ನಟ್ಟಿ 11 ಮಂದಿಯನ್ನು ಹಿಡಿದು ಬಂದರಿಗೆ ತಂದಿತು. ಅವರಿಗೆ ವಕೀಲರು ದೊರೆತರು, ವಿಚಾರಣೆ ನಡೆಯಿತು. 2010ರ ಜುಲೈಯಲ್ಲಿ ಸೆಶೆಲ್ಸಿನ ಸರ್ವೋಚ್ಚ ನ್ಯಾಯಾಲಯ ಪ್ರತಿಯೊಬ್ಬನಿಗೂ ಹತ್ತು ವರ್ಷಗಳ ಸೆರೆವಾಸ ವಿಧಿಸಿತು. ಆ ದೇಶದಲ್ಲಿ ಕಡಲ್ಗಳ್ಳತನಕ್ಕಾಗಿ ಆದ ಮೊದಲ ಶಿಕ್ಷೆ ಅದು.

ಈ ನಡುವೆ, 2010ರ ಮಾರ್ಚ್ ಕೊನೆಯಲ್ಲಿ, ಕಡಲ್ಗಳ್ಳರು ಇರಾನಿನ ಒಂದು ಮೀನುಗಾರಿಕಾ ನಾವೆಯನ್ನು ಹಿಡಿದು, ಅದನ್ನು ಬಳಸಿ ‘ಗಲಾಟೆ’ ಎಂಬ ಸೆಶೆಲ್ಸಿನ ಮೀನುದೋಣಿಯನ್ನೂ ವಶಪಡಿಸಿಕೊಂಡಿದ್ದರು. ಒತ್ತೆಯಾಳುಗಳು 27 ಮಂದಿ: 21 ಇರಾನಿಯರು, 6 ಮಂದಿ ಸೆಶೆಲ್ಸಿನವರು. ಟೋಪಾಝ್ ಆ ನಾವೆಯನ್ನು ಅಡ್ಡಗಟ್ಟಿ, ಎಚ್ಚರಿಕೆಯ ಗುಂಡು ಹಾರಿಸಿ, ಕೊನೆಗೆ ಅದರ ಎಂಜಿನ್ನಿಗೆ ಗುರಿಯಿಟ್ಟಿತು. ನಾವೆಗೆ ಬೆಂಕಿ ಹತ್ತಿಕೊಂಡಿತು. ಕಳ್ಳರೂ ಸೆರೆಯಾಳುಗಳೂ ನೀರಿಗೆ ಹಾರಿದರು. 27 ಮಂದಿಯೂ ಜೀವಸಹಿತ ಉಳಿದರು. ಮರಳುವ ದಾರಿಯಲ್ಲಿ ನೌಕೆಯ ಮೇಲೆ ಮತ್ತೆ ದಾಳಿ ನಡೆಯಿತು. ಟೋಪಾಝ್ ಪ್ರತಿಯಾಗಿ ಗುಂಡು ಹಾರಿಸಿ ಕಳ್ಳರ ತಾಯಿನಾವೆಯನ್ನೂ ಒಂದು ಸಣ್ಣ ದೋಣಿಯನ್ನೂ ಮುಳುಗಿಸಿತು.

ಆ ಆರು ಮಂದಿ ಸೆಶೆಲ್ಸ್ ಬೆಸ್ತರ ಮನೆಯ ಹೊಸ್ತಿಲಲ್ಲಿ ನಿಂತು ‘ಆ ನೌಕೆಯನ್ನು ಕೊಟ್ಟದ್ದು ಪಾಪ’ ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ನನಗಿಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ ಪರಂಪರೆ, ಎರಗಿಬಂದವನಿಂದ ಅಮಾಯಕರನ್ನು ಕಾಯುವಾಗ ಆಗುವ ಹಿಂಸೆಯನ್ನು ಕೊಲ್ಲಬೇಕೆಂದೇ ಕೊಲ್ಲುವ ಹಿಂಸೆಯೊಡನೆ ಸಮನಾಗಿ ತೂಗಲಿಲ್ಲ. ಗೊಮ್ಮಟನ ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದನೆಂಬುದನ್ನು ಮರೆತು ನಾವು ಅಹಿಂಸೆಯ ಮಾತಾಡಿದರೆ ನಮ್ಮ ಚರಿತ್ರೆಗೇ ನಾವು ಅಪಚಾರ ಮಾಡಿದಂತಾಗುತ್ತದೆ.

ಆದರೆ ಇಲ್ಲಿಯೇ ಒಂದು ಮೋಸ ನುಸುಳುತ್ತದೆ. ವಿರೋಧೀ ಹಿಂಸೆಗೆ ದೊರೆತ ವಿನಾಯಿತಿ ಲೆಕ್ಕದಿಂದ ದೊರೆತ ವಿನಾಯಿತಿಯಲ್ಲ. ಹಿಂಸೆ ಕಡಿಮೆಯಾಗಿರಬಹುದು, ಅನಿವಾರ್ಯವಾಗಿರಬಹುದು. ಅದು ಹಿಂಸೆಯೇ ಅಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ. ಟೋಪಾಝ್ ನೌಕೆಯ ಪ್ರಶಂಸೆಯಲ್ಲಿ 27 ಎಂಬ ಸಂಖ್ಯೆ ತಪ್ಪದೆ ಬರುತ್ತದೆ. ಮುಳುಗಿದ ತಾಯಿನಾವೆಯಲ್ಲಿ, ಆ ಸಣ್ಣ ದೋಣಿಯಲ್ಲಿ ಇದ್ದವರ ಸಂಖ್ಯೆಗೆ ಆ ಪ್ರಶಂಸೆಯಲ್ಲಿ ಜಾಗವಿಲ್ಲ. ಅವರು ಕಳ್ಳರಿರಬಹುದು. ಐದಿಂದ್ರಿಯದ, ಮನಸ್ಸುಳ್ಳ ಜೀವಗಳಂತೂ ಹೌದು. ದೀಪಕ್ಕೆ ಬಿದ್ದು ಸತ್ತ ಹುಳುವಿಗಾಗಿ ಪ್ರತಿಕ್ರಮಣ ಮಾಡುವ ಮನೆಗಳಲ್ಲಿ ಕಡಲಲ್ಲಿ ಮುಳುಗಿದ ಮನುಷ್ಯರನ್ನು ಎಣಿಸುವುದಕ್ಕೂ ಮನಸ್ಸಿಲ್ಲವೆಂದರೆ, ನಮ್ಮ ಪ್ರತಿಕ್ರಮಣಕ್ಕೆ ಅರ್ಥವೇನು?

ಎಣಿಸದೆ ಹೋದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2008ರ ನವೆಂಬರ್ 18ರಂದು ಏಡನ್ ಕೊಲ್ಲಿಯಲ್ಲಿ ನಮ್ಮದೇ ಯುದ್ಧನೌಕೆ ‘ತಬರ್’ ಕಡಲ್ಗಳ್ಳರ ತಾಯಿನಾವೆಯೊಂದನ್ನು ಮುಳುಗಿಸಿತೆಂದು ದೇಶವೆಲ್ಲ ಸಂಭ್ರಮಿಸಿತು. ಕೆಲವು ದಿನಗಳ ಮೇಲೆ ತಿಳಿದುಬಂದದ್ದು: ಅದು ‘ಏಕವತ್ ನಾವಾ 5’ ಎಂಬ ಥಾಯ್ಲೆಂಡಿನ ಮೀನುಗಾರಿಕಾ ಹಡಗು. ಕಳ್ಳರು ಅದನ್ನು ಆಗಷ್ಟೇ ವಶಪಡಿಸಿಕೊಂಡಿದ್ದರು. ಬೆಸ್ತರು ಸೆರೆಯಾಳುಗಳಾಗಿ ಅದರೊಳಗೇ ಇದ್ದರು. ಹಡಗಿನ ಸಿಬ್ಬಂದಿಯಲ್ಲಿ ಬದುಕುಳಿದು ಬಂದವನು ಒಬ್ಬನೇ, ಕಾಂಬೋಡಿಯಾದ ನಾವಿಕ. ತನ್ನ ಮೇಲೆ ದಾಳಿಯ ಬೆದರಿಕೆ ಬಂದುದರಿಂದ ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದುದಾಗಿ ನೌಕಾದಳ ಹೇಳಿತು. ಆ ಮಾತನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಗಲಾಟೆಯ ಬೆಸ್ತರಿಗೂ ಏಕವತ್ ನಾವಾದ ಬೆಸ್ತರಿಗೂ ನಡುವೆ ಇದ್ದ ಅಂತರ ಎಷ್ಟು? ಗುರಿ ಎಂಜಿನ್ನಿಗೆ ತಗುಲಿತೇ ಇಲ್ಲವೇ, ಸೆರೆಯಾಳುಗಳಿಗೆ ನೀರಿಗೆ ಹಾರಲು ಅವಕಾಶವಿತ್ತೇ ಇಲ್ಲವೇ ಎಂಬಷ್ಟೇ. ಕಡಲ ಮೇಲಿನ ಗುಂಡಿಗೆ ಕಳ್ಳ ಯಾರು, ಕಟ್ಟಿಹಾಕಿಸಿಕೊಂಡವನು ಯಾರು ಎಂಬ ವಿವೇಕವಿಲ್ಲ. ಆ ವಿವೇಕ ಗುಂಡು ಹಾರಿಸುವವನಲ್ಲಿ ಇರಬೇಕು. ಆಯುಧ ಕೊಡುವವನಲ್ಲಿ ಅದಕ್ಕೂ ಮೊದಲೇ ಇರಬೇಕು.

ಇನ್ನು ಆಯುಧವನ್ನು ಕೊಡುವವನ ಸ್ಥಿತಿಯನ್ನು ನೋಡೋಣ. ಕ್ಷಿಪ್ರದಾಳಿ ನೌಕೆಗಳ ಚರಿತ್ರೆಯಲ್ಲಿ 1967ರ ಅಕ್ಟೋಬರ್ 21 ಮರೆಯಲಾಗದ ದಿನ. ಸೋವಿಯತ್ ಒಕ್ಕೂಟವು ಈಜಿಪ್ಟಿಗೆ ಕೊಟ್ಟಿದ್ದ ಕೋಮಾರ್ ವರ್ಗದ ಸಣ್ಣ ದೋಣಿಗಳು ಪೋರ್ಟ್ ಸೈದ್ ಬಂದರಿನೊಳಗಿಂದಲೇ ಕ್ಷಿಪಣಿ ಹಾರಿಸಿ ಇಸ್ರೇಲಿನ ‘ಏಲಾತ್’ ಎಂಬ ದೊಡ್ಡ ಯುದ್ಧನೌಕೆಯನ್ನು ಮುಳುಗಿಸಿದವು. 47 ನಾವಿಕರು ಸತ್ತರು. ಏಲಾತ್ ಕೂಡ ಇಸ್ರೇಲ್ ಕಟ್ಟಿದ ನೌಕೆಯಲ್ಲ. ಬ್ರಿಟನ್ನಿನ ಹಳೆಯ ‘ಝೆಲಸ್’. 1955ರಲ್ಲಿ ಬ್ರಿಟನ್ ಒಂದೇ ವರ್ಗದ ನಾಲ್ಕು ನೌಕೆಗಳಲ್ಲಿ ಎರಡನ್ನು ಇಸ್ರೇಲಿಗೆ, ಎರಡನ್ನು ಈಜಿಪ್ಟಿಗೆ ಮಾರಿತ್ತು. ಒಂದೇ ಅಂಗಡಿಯವನು ಜಗಳವಾಡುವ ಅಣ್ಣತಮ್ಮಂದಿರಿಬ್ಬರಿಗೂ ಕತ್ತಿ ಮಾರಿದಂತೆ. ಏಲಾತ್ ಮುಳುಗಿದ ರಾತ್ರಿ ಲಂಡನ್ನಿನಲ್ಲಾಗಲಿ ಮಾಸ್ಕೋದಲ್ಲಾಗಲಿ ಯಾವ ಮನೆಯಲ್ಲಿಯೂ ಸೂತಕವಿರಲಿಲ್ಲ.

ಭಾರತ ಅಂಥ ವ್ಯಾಪಾರಿಯಲ್ಲ, ಸ್ನೇಹಕ್ಕಾಗಿ ಕೊಡುತ್ತದೆ ಎಂದು ಹೇಳುವವರುಂಟು. ಸರಿ, ಸ್ನೇಹಕ್ಕೆ ಕೊಟ್ಟದ್ದರ ಒಂದು ಉದಾಹರಣೆ ನೋಡಿ. 2020ರ ಕೊನೆಯಲ್ಲಿ ನಮ್ಮ ನೌಕಾದಳದ ‘ಸಿಂಧುವೀರ್’ ಎಂಬ ಜಲಾಂತರ್ಗಾಮಿ ಮ್ಯಾನ್ಮಾರಿನ ನೌಕಾದಳಕ್ಕೆ ಸೇರಿತು. 2021ರ ಫೆಬ್ರುವರಿ 1ರಂದು ಅಲ್ಲಿಯ ಸೈನ್ಯವು ಚುನಾಯಿತ ಸರ್ಕಾರವನ್ನು ಕಿತ್ತೊಗೆದು ಅಧಿಕಾರ ಹಿಡಿಯಿತು. ಸ್ನೇಹಿತನ ಕೈಗೆ ಕೊಟ್ಟ ಆಯುಧ ಎರಡೇ ತಿಂಗಳಲ್ಲಿ ಯಾರ ಕೈಯಲ್ಲಿತ್ತು? ಅನ್ನದಾನ ಮಾಡಿದವನಿಗೆ ಈ ಚಿಂತೆ ಇಲ್ಲ. ಉಂಡವನು ನಾಳೆ ಕೆಟ್ಟವನಾದರೂ ಅನ್ನ ಹೊಟ್ಟೆಯಲ್ಲಿ ಕರಗಿಹೋಗಿರುತ್ತದೆ. ಆಯುಧ ಕರಗುವುದಿಲ್ಲ. ಕೊಟ್ಟವನ ಸದ್ಭಾವ ಹಸ್ತಾಂತರದ ಕಾಗದದ ಮೇಲೆ ಉಳಿಯುತ್ತದೆ. ಫಿರಂಗಿ ಮಾತ್ರ ಹೊಸ ಒಡೆಯನ ಮಾತು ಕೇಳುತ್ತದೆ.

‘ನಾವು ಕೊಡದಿದ್ದರೆ ಚೀನಾ ಕೊಡುತ್ತಿತ್ತು’ ಎಂಬ ವಾದವೂ ಇದೆ. ಇದು ಹೆಂಡದಂಗಡಿಯವನ ಹಳೆಯ ವಾದ: ನಾನು ಮಾರದಿದ್ದರೆ ಪಕ್ಕದವನು ಮಾರುತ್ತಾನೆ. ನಾವು ಕೊಟ್ಟದ್ದರಿಂದ ಚೀನಾ ಸುಮ್ಮನಾಯಿತೇ? 2011ರಲ್ಲಿ ಅದು ಸೆಶೆಲ್ಸಿಗೆ ವೈ-12 ವಿಮಾನಗಳನ್ನು ಕೊಟ್ಟಿತು. 2013ರಲ್ಲಿ ನಾವು ಡೋರ್ನಿಯರ್ ವಿಮಾನ ಕೊಟ್ಟೆವು; ಮರುವರ್ಷ ಇನ್ನೊಂದು ನೌಕೆ ಕೊಟ್ಟೆವು. ಪೈಪೋಟಿಯಿಂದ ಕೊಟ್ಟದ್ದಕ್ಕೆ ದಾನವೆಂಬ ಹೆಸರು ಒಪ್ಪುವುದಿಲ್ಲ. ಪ್ರತಿಫಲದ ಆಸೆಯಿಂದ ಕೊಟ್ಟದ್ದು ಎಂಥ ದಾನವೆಂಬುದನ್ನು ಚತುರ್ವಿಧ ದಾನದ ಪಾಠ ಕೇಳಿ ಬೆಳೆದ ನಮ್ಮ ಮಕ್ಕಳೂ ಬಲ್ಲರು. ಇದು ರಾಜನೀತಿ. ರಾಜನೀತಿಯನ್ನು ರಾಜನೀತಿಯೆಂದೇ ಕರೆದರೆ ಅದಕ್ಕೆ ನಿಯಮ ಕೇಳಬಹುದು, ಉತ್ತರ ಕೇಳಬಹುದು. ಉಡುಗೊರೆಯೆಂದು ಕರೆದ ಕೂಡಲೇ ಪ್ರಶ್ನೆ ಕೇಳುವವನು ಅರಸಿಕನಾಗಿಬಿಡುತ್ತಾನೆ.

ಮತ್ತೊಂದು ಸಂಗತಿಯನ್ನು ಜೈನ ಓದುಗರು ಗಮನಿಸದೆ ಇರಲಾರರು. ಟೋಪಾಝ್ ಕಾದ ಕಡಲು ಯಾವುದಕ್ಕೆ ಹೆಸರಾದದ್ದು? ಟ್ಯೂನಾ ಮೀನಿಗೆ. ಪ್ರವಾಸೋದ್ಯಮವನ್ನು ಬಿಟ್ಟರೆ ಮೀನನ್ನು ಡಬ್ಬಿಗೆ ತುಂಬಿ ಕಳಿಸುವುದೇ ಸೆಶೆಲ್ಸಿನ ದೊಡ್ಡ ಉದ್ಯೋಗ. ಅತ್ತ ಸೋಮಾಲಿಯಾದಲ್ಲಿ 1991ರಲ್ಲಿ ಕೇಂದ್ರ ಸರ್ಕಾರ ಕುಸಿದ ಮೇಲೆ ಕೇಳುವವರಿಲ್ಲದ ಆ ಕರಾವಳಿಯಲ್ಲಿ ವಿದೇಶದ ಹಡಗುಗಳು ಅನುಮತಿಯಿಲ್ಲದೆ ಮೀನನ್ನು ಬಾಚಿದವು. ಕಡಲ್ಗಳ್ಳರು ತಮ್ಮ ಕೃತ್ಯಕ್ಕೆ ಇದನ್ನೇ ನೆಪ ಮಾಡಿಕೊಂಡರು. ಆ ನೆಪದಿಂದ ಒತ್ತೆಯಾಳುಗಳನ್ನು ಹಿಂಸಿಸಿ ಹಣ ಸುಲಿದದ್ದು ಕ್ಷಮ್ಯವಾಗದು. ಆದರೆ ಲೋಭದ ಬಲೆಯಿಂದ ಮೊದಲಾದ ಹಿಂಸೆ ಮೀನಿನಿಂದ ಬೆಸ್ತನಿಗೆ, ಬೆಸ್ತನಿಂದ ಕಳ್ಳನಿಗೆ, ಕಳ್ಳನಿಂದ ಫಿರಂಗಿಗೆ ಹಬ್ಬಿದ ಸರಪಳಿಯನ್ನು ಕಾಣದೆ, ಕೊನೆಯ ಕೊಂಡಿಗೆ ಮಾತ್ರ ನೌಕೆಯನ್ನು ಕಳಿಸಿ ‘ಶಾಂತಿ ಸ್ಥಾಪಿಸಿದೆವು’ ಎನ್ನುವುದು ಬೇರು ಬಿಟ್ಟು ಕೊಂಬೆ ಸವರಿದಂತೆ.

ಈಗ ನಮ್ಮ ಮನೆಯೊಳಗಿನ ಮಾತು. ತರ್ಮುಗ್ಲಿಯನ್ನು ಕಟ್ಟಿದ ಕೋಲ್ಕತ್ತದ ಕಾರ್ಖಾನೆಯ ಷೇರುಗಳು 2018ರಿಂದ ಸಾರ್ವಜನಿಕರಿಗೂ ದೊರೆಯುತ್ತಿವೆ. ದೇಶದ ರಕ್ಷಣಾ ಸಾಮಗ್ರಿಯ ರಫ್ತು 2013–14ರಲ್ಲಿ 686 ಕೋಟಿ ರೂಪಾಯಿಗಳಾಗಿದ್ದುದು 2023–24ರಲ್ಲಿ 21,083 ಕೋಟಿ ರೂಪಾಯಿಗಳಿಗೆ ಏರಿತು. ಷೇರುಪೇಟೆಯನ್ನು ಬಲ್ಲ ನಮ್ಮ ಸಮಾಜದವರು ಈ ಏರಿಕೆಯಿಂದ ದೂರ ಉಳಿದಿದ್ದಾರೆಂದು ಯಾರಾದರೂ ಪ್ರಮಾಣ ಮಾಡಿ ಹೇಳಬಲ್ಲರೇ? ನೀರನ್ನು ಸೋಸಿ ಕುಡಿಯುತ್ತೇವೆ. ಲಾಭಾಂಶವನ್ನು ಮಾತ್ರ ಸೋಸದೆ ನುಂಗುತ್ತೇವೆ. ಗಡ್ಡೆಗೆಣಸು ಮಾರುವ ಅಂಗಡಿಗೆ ಬಂಡವಾಳ ಹಾಕಲು ಹಿಂಜರಿಯುವ ಹಿರಿಯರೇ, ಫಿರಂಗಿ ನೌಕೆ ಕಟ್ಟುವ ಕಂಪನಿಯ ಷೇರು ಏರಿದ ದಿನ ಮನೆಯಲ್ಲಿ ಸಿಹಿ ಮಾಡಿಸುತ್ತಾರೆ. ಆ ಲಾಭದ ಒಂದು ಪಾಲು ಬಸದಿಯ ಜೀರ್ಣೋದ್ಧಾರಕ್ಕೆ, ಪಂಚಕಲ್ಯಾಣಕ್ಕೆ ಕಾಣಿಕೆಯಾಗಿ ಬರುತ್ತದೆ. ದಾನಿಗಳ ಹೆಸರು ಅಮೃತಶಿಲೆಯಲ್ಲಿ ಕೆತ್ತಿಸಿಕೊಳ್ಳುತ್ತದೆ. ಸರ್ಕಾರವೊಂದೇ ಹಿಂಸಾದಾನ ಮಾಡಿತೆಂದು ದೂರುವ ಬಾಯಿ ಈ ಕಲ್ಲಿನ ಮುಂದೆ ಏನು ಹೇಳೀತು?

ಷೇರುಗಳನ್ನೆಲ್ಲ ನಾಳೆಯೇ ಮಾರಿಬಿಡಿ ಎಂದು ನಾನು ಹೇಳುತ್ತಿಲ್ಲ. ಮಾರಿದ ಷೇರು ಇನ್ನೊಬ್ಬನ ಪೆಟ್ಟಿಗೆ ಸೇರುತ್ತದೆಯೇ ಹೊರತು ಫಿರಂಗಿ ಮೌನವಾಗುವುದಿಲ್ಲ. ನಾನು ಕೇಳುವುದು ಲೆಕ್ಕ. ಸಂಯುಕ್ತ ರಾಷ್ಟ್ರಸಂಸ್ಥೆ 2013ರಲ್ಲಿ ಆಯುಧ ವ್ಯಾಪಾರದ ಒಪ್ಪಂದವನ್ನು ಅಂಗೀಕರಿಸಿದಾಗ ಭಾರತ ಮತ ಹಾಕದೆ ತಟಸ್ಥವಾಗಿ ಉಳಿಯಿತು. ಒಪ್ಪಂದವು ಆಯುಧ ಮಾರುವ ದೇಶಗಳಿಗೇ ಅನುಕೂಲವಾಗಿದೆ, ಕೊಳ್ಳುವವರಿಗೆ ಅನ್ಯಾಯವೆಂಬುದು ನಮ್ಮ ಆಕ್ಷೇಪವಾಗಿತ್ತು. ಅಂದು ನಾವು ಮುಖ್ಯವಾಗಿ ಕೊಳ್ಳುವವರಾಗಿದ್ದೆವು. ಇಂದು ಕೊಡುವವರೂ ಮಾರುವವರೂ ಆಗಲು ಹೊರಟಿದ್ದೇವೆ. ಕೊಳ್ಳುವವನಾಗಿದ್ದಾಗ ಎತ್ತಿದ ಆಕ್ಷೇಪವನ್ನು ಮಾರುವವನಾದ ಮೇಲೂ ಅಡ್ಡ ಹಿಡಿಯುವುದು ನ್ಯಾಯವಲ್ಲ.

ಆದುದರಿಂದ ಮೂರು ಮಾತುಗಳು. ಒಂದು: ಆಯುಧದ ಹಸ್ತಾಂತರಕ್ಕೆ ಉಡುಗೊರೆ, ದಾನ, ಕಾಣಿಕೆ ಎಂಬ ಪದಗಳನ್ನು ನಮ್ಮ ಮನೆಗಳಲ್ಲಿ, ನಮ್ಮ ಸಭೆಗಳಲ್ಲಿ ಬಳಸದಿರೋಣ. ಎರಡು: ಕೊಟ್ಟ ನೌಕೆ ಏನು ಮಾಡಿತು, ಎಷ್ಟು ಜೀವ ಉಳಿಯಿತು, ಎಷ್ಟು ಜೀವ ಹೋಯಿತು ಎಂಬ ವರದಿಯನ್ನು ಪಡೆಯುವುದು ಕೊಡುವ ಕರಾರಿನ ಭಾಗವಾಗಬೇಕು; ಅದನ್ನು ಸಂಸತ್ತಿನ ಮುಂದಿಡಬೇಕು. ಅದಕ್ಕಾಗಿ ನಮ್ಮ ಸಂಸ್ಥೆಗಳು ಲಿಖಿತವಾಗಿ ಒತ್ತಾಯಿಸಲಿ. ಗೋಶಾಲೆಯ ಅನುದಾನಕ್ಕೆ ಮನವಿ ಬರೆಯಬಲ್ಲ ನಾವು ಇದಕ್ಕೂ ಬರೆಯಬಲ್ಲೆವು. ಮೂರು: ಬಸದಿಯ ಧರ್ಮದರ್ಶಿಗಳು ದೊಡ್ಡ ಕಾಣಿಕೆ ಸ್ವೀಕರಿಸುವಾಗ ಅದರ ಮೂಲವನ್ನು ಕೇಳುವ ಪದ್ಧತಿ ಆರಂಭಿಸಲಿ. ಕೇಳಿದ ಮೇಲೆ ಸ್ವೀಕರಿಸುವುದೋ ಬಿಡುವುದೋ ಆಯಾ ಸಮಿತಿಯ ವಿವೇಕ. ಕೇಳದಿರುವುದು ಮಾತ್ರ ವಿವೇಕವಲ್ಲ.

ಇದೆಲ್ಲ ಆಗದ ಮಾತೆಂದು ನಗುವವರಿಗೆ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ತರ್ಮುಗ್ಲಿ ಮರಳಿ ಸೇವೆಗೆ ಸೇರಿದ 2023ರ ಡಿಸೆಂಬರ್ 14ರಂದೇ ಕಡಲ್ಗಳ್ಳರು ಅರಬ್ಬೀ ಸಮುದ್ರದಲ್ಲಿ ‘ರುಯೆನ್’ ಎಂಬ ಸರಕುಹಡಗನ್ನು ವಶಪಡಿಸಿಕೊಂಡರು. ಮೂರು ತಿಂಗಳ ಮೇಲೆ, 2024ರ ಮಾರ್ಚ್ 16ರಂದು, ನಮ್ಮ ನೌಕಾದಳವು ಸುಮಾರು 40 ಗಂಟೆಗಳ ಕಾಲ ಆ ಹಡಗನ್ನು ಸುತ್ತುಗಟ್ಟಿ, ಅದರ ಚಲನೆಯನ್ನು ತಡೆದು, ಕಳ್ಳರು ತಾವಾಗಿ ಶರಣಾಗುವಂತೆ ಮಾಡಿತು. 17 ಮಂದಿ ಸಿಬ್ಬಂದಿ ಗಾಯವಿಲ್ಲದೆ ಬಿಡುಗಡೆಯಾದರು. 35 ಮಂದಿ ಕಳ್ಳರು ಮುಂಬಯಿಗೆ ಬಂದು, 2022ರಲ್ಲಿ ಆದ ಕಾಯಿದೆಯಂತೆ ನ್ಯಾಯಾಲಯದ ಮುಂದೆ ನಿಂತರು. ಆ ದಿನ ಸೆರೆಯಾಳುಗಳನ್ನು ಎಣಿಸಿದರು, ಕಳ್ಳರನ್ನೂ ಎಣಿಸಿದರು. ಎರಡೂ ಸಂಖ್ಯೆಗಳು ಪತ್ರಿಕೆಗಳಲ್ಲಿ ಅಕ್ಕಪಕ್ಕದಲ್ಲಿ ಬಂದವು. ನಾವು ಪರರಿಗೆ ಕೊಡುವ ಪ್ರತಿಯೊಂದು ನೌಕೆಯ ಬೆನ್ನ ಹಿಂದೆಯೂ ಇಂಥ ಎರಡು ಸಂಖ್ಯೆಗಳ ಪುಸ್ತಕವೊಂದು ಹೋಗಲಿ, ವರ್ಷಕ್ಕೊಮ್ಮೆ ಅದು ನಮ್ಮ ಕೈಗೆ ಮರಳಿ ಬರಲಿ ಎಂಬುದಷ್ಟೇ ನನ್ನ ಬೇಡಿಕೆ.